ಹಜ್ ಹಣಕ್ಕೆ ರಸೀದಿ ಕೇಳುವುದು ಅಪನಂಬಿಕೆಯಲ್ಲ

ರಮಜಾನ್ ಹತ್ತಿರವಾದಂತೆ ಮಸೀದಿ ಎದುರಿನ ಗೋಡೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಉಮ್ರಾ ಪ್ಯಾಕೇಜುಗಳ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ವಿಮಾನ, ಊಟ, ಹರಮ್‌ಗೆ ನಡೆದೇ ಹೋಗಬಹುದಾದ ಹೋಟೆಲು, ಎಲ್ಲವೂ ಬೇರೆಯವರಿಗಿಂತ ಅಗ್ಗ. ಹೇಳಿದಂತೆ ನಡೆದುಕೊಳ್ಳುವ ಏಜೆಂಟರು ಬೇಕಾದಷ್ಟಿದ್ದಾರೆ. ಆದರೆ ಹೊರಡುವ ವಾರ ಫೋನ್ ಸ್ವಿಚ್ ಆಫ್ ಮಾಡಿ, ಕಚೇರಿಗೆ ಬೀಗ ಜಡಿದು ನಾಪತ್ತೆಯಾದವರ ಸುದ್ದಿಯನ್ನೂ ನಾವು ಮತ್ತೆ ಮತ್ತೆ ಓದುತ್ತಿದ್ದೇವೆ.

ಮೋಸಹೋಗುವವರು ದಡ್ಡರಲ್ಲ. ಏಜೆಂಟ್ ಅವರದೇ ಸಫ್‌ನಲ್ಲಿ ನಮಾಜಿಗೆ ನಿಲ್ಲುವವನು, ಕಳೆದ ವರ್ಷ ಪಕ್ಕದ ಮನೆಯವರನ್ನು ಕರೆದೊಯ್ದವನು. 'ನಿಮಗೂ ನಮಗೂ ಕಾಗದಪತ್ರ ಯಾಕೆ ಚಾಚಾ?' ಎಂದರೆ ಬೀಡಿ ಕಟ್ಟಿ ಕೂಡಿಟ್ಟ ಹಣವೂ ಕೈ ದಾಟುತ್ತದೆ. ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಗೀಚಿದ ಮೊತ್ತವೇ ರಸೀದಿ. ಹಣ ಮುಳುಗಿದ ಮೇಲೆ 'ಅಲ್ಲಾಹನ ಕರೆ ಇನ್ನೂ ಬಂದಿಲ್ಲ, ಸಬರ್ ಮಾಡಿ' ಎಂಬ ಸಮಾಧಾನ ಬೇರೆ. ವಂಚಕನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇಕಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ ಇರುವುದೇ ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಿ ಎಂದು ಹೇಳುವುದಕ್ಕೆ. ಲೆಕ್ಕ ಕೇಳುವವನ ಈಮಾನ್ ಕಡಿಮೆ ಎನ್ನುವವರು ಅದನ್ನೊಮ್ಮೆ ಓದಲಿ.

ಹಜ್‌ಗಾದರೆ ಭಾರತದಿಂದ ಎರಡೇ ದಾರಿ. ಒಂದು, ಹಜ್ ಸಮಿತಿ. ಅಲ್ಲಿ ಅರ್ಜಿ, ಖುರ್ರಾ ಎಂಬ ಲಾಟರಿ ಆಯ್ಕೆ, ಸಮಿತಿಯ ಖಾತೆಗೇ ಹಣ. ಇನ್ನೊಂದು, ಕೇಂದ್ರ ಅಲ್ಪಸಂಖ್ಯಾತರ ಸಚಿವಾಲಯ ಅನುಮತಿ ಕೊಟ್ಟ ಖಾಸಗಿ ಸಂಘಟಕರು. ಅವರ ಪಟ್ಟಿ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ. 'ಖುರ್ರಾದಲ್ಲಿ ಹೆಸರು ಬರಿಸುತ್ತೇನೆ', 'ವಿಸಿಟ್ ವೀಸಾದಲ್ಲಿ ಹಜ್ ಮಾಡಿಸುತ್ತೇನೆ' ಎನ್ನುವವನ ಎದುರು ಒಂದು ಕ್ಷಣವೂ ಕೂರಬಾರದು. 2024ರ ಹಜ್‌ನಲ್ಲಿ ಮಕ್ಕಾದ ತಾಪಮಾನ 50 ಡಿಗ್ರಿ ದಾಟಿದಾಗ 1,301 ಮಂದಿ ಸತ್ತರು. ಅವರಲ್ಲಿ ಶೇ 83ರಷ್ಟು ಮಂದಿ ಪರವಾನಗಿ ಇಲ್ಲದವರು, ನೆರಳಿಲ್ಲದೆ ಬಿಸಿಲಲ್ಲಿ ಬಹುದೂರ ನಡೆದವರು ಎಂದು ಸೌದಿ ಸರ್ಕಾರವೇ ಹೇಳಿತು. ಈಜಿಪ್ಟ್ ಹೀಗೆ ಜನರನ್ನು ಕಳಿಸಿದ 16 ಟ್ರಾವೆಲ್ ಕಂಪನಿಗಳ ಲೈಸೆನ್ಸ್ ರದ್ದು ಮಾಡಿತು. ಪರವಾನಗಿ ಇಲ್ಲದೆ ಹಜ್‌ಗೆ ಹೋದರೆ 20,000 ರಿಯಾಲ್‌ವರೆಗೆ ದಂಡ ಎಂದು 2025ರಲ್ಲಿ ಸೌದಿ ಎಚ್ಚರಿಸಿತ್ತು.

ಲೈಸೆನ್ಸ್ ಇದ್ದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. 2025ರಲ್ಲಿ ಭಾರತದ 1,75,025 ಸೀಟುಗಳಲ್ಲಿ 52,507 ಖಾಸಗಿಯವರ ಪಾಲಿಗಿದ್ದವು. ಗಡುವಿನೊಳಗೆ ಹಣ ಪಾವತಿ, ಒಪ್ಪಂದ ಮುಗಿಯದೆ ಅವುಗಳಲ್ಲಿ ಹೆಚ್ಚಿನವು ಕೈತಪ್ಪಿದವು. ಯಾತ್ರೆ ನಿಂತುಹೋದರೆ ಎಷ್ಟು ದಿನದಲ್ಲಿ ಹಣ ವಾಪಸ್ ಎಂಬುದು ಮೊದಲೇ ಬರಹದಲ್ಲಿರಬೇಕು.

ಉಮ್ರಾಕ್ಕೆ ಹಜ್ ಸಮಿತಿಯಂಥ ಸರ್ಕಾರಿ ವ್ಯವಸ್ಥೆ ಇಲ್ಲ, ಅದಕ್ಕೇ ಅಲ್ಲಿ ಮೋಸಕ್ಕೆ ಹೆಚ್ಚು ಅವಕಾಶ. ಏಜೆಂಟ್ ಮೊಬೈಲಿಗೆ ಕಳಿಸಿದ 'ಟಿಕೆಟ್' ತೆರೆದು ನೋಡಿ. ಆರು ಅಕ್ಷರದ ಪಿಎನ್‌ಆರ್ ಇದ್ದರೆ ಸಾಲದು. ಹಣ ಕಟ್ಟದೆಯೂ ಪಿಎನ್‌ಆರ್ ಹುಟ್ಟಿಸಿ ಕೆಲಕಾಲ ಇಟ್ಟುಕೊಳ್ಳಬಹುದು. ಹದಿಮೂರು ಅಂಕಿಯ ಟಿಕೆಟ್ ನಂಬರ್ ಇದೆಯೇ ಎಂದು ವಿಮಾನ ಸಂಸ್ಥೆಗೇ ಫೋನ್ ಮಾಡಿ ಕೇಳಿ. ಹೋಟೆಲಿನ ಹೆಸರು, ಹರಮ್‌ನಿಂದ ಎಷ್ಟು ಮೀಟರ್, ಕೋಣೆಗೆ ಎಷ್ಟು ಜನ ಎಂಬುದನ್ನೆಲ್ಲ ಬರೆಸಿಕೊಳ್ಳಿ. ಹಣವನ್ನು ಕಂಪನಿಯ ಬ್ಯಾಂಕ್ ಖಾತೆಗೇ ಹಾಕಿ, ಮೂಲ ಪಾಸ್‌ಪೋರ್ಟನ್ನು ಕೊಟ್ಟು ಮರೆತುಬಿಡಬೇಡಿ.

ಮೋಸವಾದರೆ ಮರ್ಯಾದೆಗೆ ಅಂಜಿ ಸುಮ್ಮನಿರುವುದು ಮುಂದಿನವನನ್ನು ಅದೇ ಬಾಯಿಗೆ ದೂಡಿದಂತೆ. ಠಾಣೆಯಲ್ಲಿ ವಂಚನೆ, ನಂಬಿಕೆದ್ರೋಹದ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಕಾಶವಿದೆ.

ಜಮಾತ್‌ಗಳ ಮೇಲೂ ಹೊಣೆಯಿದೆ. ಮಸೀದಿಯ ಅಂಗಳದಲ್ಲಿ ಬ್ಯಾನರ್ ಕಟ್ಟಲು ಬರುವ ಏಜೆಂಟನಿಂದ ನೋಂದಣಿ ಪತ್ರ, ವಿಳಾಸ, ರಸೀದಿ ಪುಸ್ತಕದ ಮಾದರಿ ಕೇಳಿ ಪಡೆಯಲಿ. ಕೊಡದವನಿಗೆ ಜಾಗ ಕೊಡದಿರಲಿ. ಒಬ್ಬ ಮುದುಕಿ ಒಂಟಿಯಾಗಿ ಕೇಳಲಾರದ ಪ್ರಶ್ನೆಯನ್ನು ಇಡೀ ಜಮಾತ್ ಕೇಳಿದರೆ ಏಜೆಂಟ್ ಉತ್ತರ ಕೊಡಲೇಬೇಕಾಗುತ್ತದೆ.