ಮೂರನೇ ತರಗತಿಯ ವಾರ: ಕಾರ್ಡು, ಕಾರಂಜಿ, ಒಬ್ಬ ಶಿಕ್ಷಕಿ

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ನಲಿಕಲಿ, ಇಂದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಗಳ ಬೋಧನಾ ಪದ್ಧತಿ. ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ ಏರುತ್ತದೆ. ಜ್ವರವೆಂದು ವಾರ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಮಗುವಿನ ಗೈರುಹಾಜರಿಯನ್ನು ಸಹಿಸುವ ಈ ಪದ್ಧತಿ ಶಿಕ್ಷಕಿಯ ಗೈರುಹಾಜರಿಯನ್ನು ಸಹಿಸದು. ಹೊಸ ಕಲಿಕೆ ಮೊದಲಾಗುವುದೇ ಆಕೆ ಜೊತೆಗಿರುವ ತಟ್ಟೆಯಲ್ಲಿ.

ಪ್ರತಿಭಾ ಕಾರಂಜಿಯ ದಿನಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಕಂಠಪಾಠ, ಛದ್ಮವೇಷಕ್ಕೆಂದು ಆಯ್ದ ಮಕ್ಕಳೊಡನೆ ಶಿಕ್ಷಕಿ ಕ್ಲಸ್ಟರ್ ಕೇಂದ್ರಕ್ಕೆ ಹೊರಟರೆ, ಚಿಕ್ಕ ಶಾಲೆಗಳಲ್ಲಿ ಉಳಿದವರ ಏಣಿ ಅಂದು ನಿಂತಂತೆಯೇ. ಅದಕ್ಕೂ ಮುನ್ನ ತಾಲೀಮಿನ ದಿನಗಳಿವೆ. ಅಂದಹಾಗೆ, ಕಂಠಪಾಠದಲ್ಲಿ ಗೆದ್ದ ಮಗುವಿಗೆ ಅದೇ ಪದ್ಯವನ್ನು ಓದಲು ಬರಬೇಕೆಂದೇನಿಲ್ಲ.

2024ರ ಅಸರ್ ಸಮೀಕ್ಷೆಯಂತೆ, ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 23.4 ಮಾತ್ರ. ನಾಲ್ಕನೇ ತರಗತಿಯಲ್ಲಿ ಏಣಿಯಿಲ್ಲ, ಪಠ್ಯಪುಸ್ತಕವೇ ಎಲ್ಲ. ಹಾಗಿರುವಾಗ, ನಲಿಕಲಿ ಮಕ್ಕಳ ಸ್ಪರ್ಧೆಗಳನ್ನು ಅವರವರ ಶಾಲೆಯಲ್ಲಿಯೇ, ಶನಿವಾರದ ಅರ್ಧ ದಿನದಲ್ಲಿ ಮುಗಿಸಲು ಇಲಾಖೆಗೆ ಯಾವ ಅಡ್ಡಿಯೂ ಕಾಣದು.