ಪುಸ್ತಕ ಮಾಡಿಸೋಣ, ಆದ್ರೆ ನಮ್ಮ ಫೋಟೋಗೋಸ್ಕರ ಅಲ್ಲ



ಈ ಸಲ ಬೆಳೆ ವಿಚಾರ ಬಿಟ್ಟು ಪುಸ್ತಕದ ವಿಚಾರ ಬರೀತಿದ್ದೀನಿ. ಹೊಲ ಬಿಟ್ಟು ಎಲ್ಲಿಗೋ ಹೋದ ಅಂದ್ಕೋಬೇಡಿ, ಕೊನೆಗೆ ಸಾವೆ ಮೂಟೆ ಹತ್ರಾನೇ ಬರ್ತೀನಿ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆ ಈಗ ನಮ್ಮವರೇ ಸಣ್ಣದಾಗಿ ವ್ಯಾಪಾರ ಶುರು ಮಾಡ್ತಿದ್ದಾರೆ. ಸಾವೆ ಅಕ್ಕಿ ಪ್ಯಾಕೆಟ್, ಗಾಣದ ಎಣ್ಣೆ, ನುಗ್ಗೆ ಸೊಪ್ಪಿನ ಪುಡಿ, ಹೀಗೆ. ಒಳ್ಳೇದು. ಆದ್ರೆ ಇಂಥವರನ್ನ ಹುಡುಕ್ಕೊಂಡು ಇನ್ನೊಂದು ವ್ಯಾಪಾರವೂ ಬರ್ತಿದೆ. "ಯಶಸ್ವಿ ರೈತ ಉದ್ಯಮಿಗಳು ಅಂತ ಪುಸ್ತಕ ತರ್ತೀವಿ, ನಿಮ್ಮ ಫೋಟೋ, ಜೀವನಕಥೆ ಹಾಕ್ತೀವಿ, ಪುಸ್ತಕ ಬಂದ್ರೆ ವ್ಯಾಪಾರ ತಾನೇ ಬೆಳೆಯುತ್ತೆ" ಅಂತಾರೆ. ನಮ್ಮ ಗುಂಪಿಗೂ ಬಂದಿದ್ರು. ಕೇಳಿದ್ದು 60 ಸಾವಿರ, ಕೊಡೋದು 100 ಪುಸ್ತಕ. ಅದು ನಮ್ಮ ಷೇರು ದುಡ್ಡು, ಒಬ್ಬೊಬ್ಬರು ಸಾವಿರ ಸಾವಿರ ಹಾಕಿ ಕೂಡಿಸಿದ್ದು. ಮುಂದಿನ ಸಭೇಲಿ ತೀರ್ಮಾನ ಆಗಬೇಕು. ನನ್ನ ಮಾತು ಇಲ್ಲೇ ಹೇಳಿಬಿಡ್ತೀನಿ: ಪುಸ್ತಕ ಬೇಕು, ಈ ಪುಸ್ತಕ ಬೇಡ.

ಪುಸ್ತಕದಿಂದ ವ್ಯಾಪಾರ ಬೆಳೆಯುತ್ತೆ ಅನ್ನೋದು ಸುಳ್ಳಲ್ಲ. ಸಿರಿಧಾನ್ಯದ್ದೇ ನೋಡಿ. ಇಪ್ಪತ್ತು ವರ್ಷದ ಹಿಂದೆ ಸಾವೆ, ಕೊರಲೆ ಅಂದ್ರೆ ಬಡವರ ಕಾಳು, ಹಕ್ಕಿ ಕಾಳು. ಪಟ್ಟಣದೋರಿಗೆ ಹೆಸರೇ ಗೊತ್ತಿರಲಿಲ್ಲ. ಮೈಸೂರಿನ ಡಾ. ಖಾದರ್ ಅವರು ನವಣೆ, ಸಾಮೆ, ಊದಲು, ಹಾರಕ, ಕೊರಲೆ ಅಂತ ಐದು ಧಾನ್ಯ ಹಿಡ್ಕೊಂಡು ಊರೂರು ಸುತ್ತಿ ಭಾಷಣ ಮಾಡಿದ್ರು, ಪುಸ್ತಕ ಬರೆದ್ರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಮಾತೆಲ್ಲ ಸರೀನೋ ತಪ್ಪೋ ಅಂತ ವೈದ್ಯರು ವಾದ ಮಾಡಲಿ, ಅದು ಬೇರೆ. ಆದ್ರೆ ಪುಸ್ತಕ ಓದಿದೋರು ಅಂಗಡಿಗೆ ಹೋಗಿ ಹೆಸರು ಹಿಡಿದು ಕೇಳೋಕೆ ಶುರು ಮಾಡಿದ್ರು ನೋಡಿ, ಅದು ನಿಜ. ಪುಸ್ತಕ ಒಂದರಿಂದಲೇ ಆಯ್ತು ಅಂತಲ್ಲ. ಸರ್ಕಾರದ ರೈತಸಿರಿ ಯೋಜನೆ ಬಂತು, ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯ ವರ್ಷ ಅಂತ ಮಾಡಿತು. ಆದ್ರೆ ಯಾವ ಕಾಳು, ಹೆಂಗೆ ನೆನೆಸಬೇಕು, ಹೆಂಗೆ ಬೇಯಿಸಬೇಕು ಅಂತ ಅಡುಗೆಮನೆಗೆ ತಲುಪಿಸಿದ್ದರಲ್ಲಿ ಆ ಪುಸ್ತಕ, ಭಾಷಣಗಳ ಪಾಲು ದೊಡ್ಡದು.

ಅಡಿಕೆ ಬೆಳೆಯೋರಿಗೆ ಇನ್ನೊಂದು ಉದಾಹರಣೆ ಗೊತ್ತೇ ಇರುತ್ತೆ, ಪುತ್ತೂರಿನ ಅಡಿಕೆ ಪತ್ರಿಕೆ. 1988ರಲ್ಲಿ ಶುರುವಾಗಿದ್ದು. ಅದರ ಸಂಪಾದಕರು ಶ್ರೀಪಡ್ರೆ ಅವರು, ಕಾಸರಗೋಡು ಕಡೆಯ ಕೃಷಿಕರು. "ಕೃಷಿಕರ ಕೈಗೆ ಲೇಖನಿ" ಅನ್ನೋದು ಅವರ ಮಾತು. ಅಂದ್ರೆ ರೈತನ ಬಗ್ಗೆ ಬೇರೆಯೋರು ಬರೆಯೋದಲ್ಲ, ರೈತನೇ ಬರೀಬೇಕು. ಅದರಲ್ಲಿ ಒಂದು ಲೇಖನ ಬಂದ್ರೆ ಬರೆದವನು ಏನು ಮಾಡಿದ, ಎಷ್ಟು ಖರ್ಚಾಯ್ತು ಅನ್ನೋದಿರುತ್ತೆ, ಕೊನೆಗೆ ಫೋನ್ ನಂಬರ್ ಇರುತ್ತೆ. ಓದಿದವನು ಫೋನ್ ಮಾಡ್ತಾನೆ. ಗಿಡ ಬೇಕು, ಯಂತ್ರ ಬೇಕು, ಹಲಸಿನ ಹಪ್ಪಳ ಬೇಕು ಅಂತಾನೆ. ಜಾಹೀರಾತಿನ ದುಡ್ಡು ಕೊಡದೇನೇ ವ್ಯಾಪಾರ ಕುದುರುತ್ತೆ. ಯಾಕೆ? ಅಲ್ಲಿ ಹೊಗಳಿಕೆ ಇಲ್ಲ, ಕೆಲಸಕ್ಕೆ ಬರೋ ವಿಚಾರ ಇದೆ.

ಈಗ ಜೀವನಕಥೆಗೆ ಬರೋಣ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಸೈನ್ಯ ಬಿಟ್ಟು ಬಂದು ಜಾವಗಲ್ ಹತ್ರ, ಅಂದ್ರೆ ನಮ್ಮ ಹೊಸದುರ್ಗಕ್ಕೆ ಅಷ್ಟೇನೂ ದೂರ ಅಲ್ಲ, ಬರಡು ಭೂಮೀಲಿ ಬೇಸಾಯ ಮಾಡಿದೋರು. 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದ್ರು. ಆಮೇಲೆ ತಮ್ಮ ಕಥೇನ ಇಂಗ್ಲಿಷಿನಲ್ಲಿ ಬರೆದ್ರು. ಕನ್ನಡದಲ್ಲಿ ವಿಶ್ವೇಶ್ವರ ಭಟ್ಟರು "ಬಾನಯಾನ" ಅಂತ ತಂದ್ರು. 2020ರಲ್ಲಿ ತಮಿಳಿನಲ್ಲಿ ಸಿನಿಮಾನೂ ಆಯ್ತು. ಓದಿದ್ರೆ ಮೈ ಜುಮ್ ಅನ್ನುತ್ತೆ. ಆದ್ರೆ ಲೆಕ್ಕ ನೋಡಿ. ಪುಸ್ತಕ ಬರೋ ಹೊತ್ತಿಗೆ ಏರ್ ಡೆಕ್ಕನ್ ಬೇರೆಯೋರ ಕೈಗೆ ಹೋಗಿತ್ತು. ಅದೇ ಆಸುಪಾಸಿನಲ್ಲಿ ಅವರು ಶುರು ಮಾಡಿದ ಸರಕು ಸಾಗಣೆ ಕಂಪನಿ ಕೆಲವೇ ವರ್ಷದಲ್ಲಿ ನಿಂತುಹೋಯ್ತು. ಅಷ್ಟು ದೊಡ್ಡ ಮನುಷ್ಯರ, ಅಷ್ಟು ಚೆನ್ನಾಗಿರೋ ಪುಸ್ತಕ ಹೆಸರು ತಂತು, ಹುಡುಗರಿಗೆ ಧೈರ್ಯ ತಂತು. ವ್ಯಾಪಾರ ಉಳಿಸೋದು ಪುಸ್ತಕದ ಕೈಲಿ ಇರಲಿಲ್ಲ. ಹಂಗಿರುವಾಗ ನಮ್ಮ ಐದು ಪುಟದ ಕಥೆ, ಹಾರ ಹಾಕ್ಕೊಂಡ ಫೋಟೋ ನೋಡಿ ಬೆಂಗಳೂರಿನ ಯಾವ ತಾಯಿ ಸಾವೆ ಕೊಳ್ತಾಳೆ ಹೇಳಿ?

"ಬ್ಯಾಂಕಿನೋರು, ಅಧಿಕಾರಿಗಳು ಪುಸ್ತಕ ನೋಡಿದ್ರೆ ಮರ್ಯಾದೆ ಕೊಡ್ತಾರೆ" ಅಂತ ನಮ್ಮ ಗುಂಪಿನಲ್ಲೇ ಕೆಲವರು ಹೇಳ್ತಾರೆ. ಕೊಡಬಹುದು, ಇಲ್ಲ ಅನ್ನಲ್ಲ. ಆದ್ರೆ ಬ್ಯಾಂಕಿನೋರು ಕೊನೆಗೆ ಕೇಳೋದು ಲೆಕ್ಕಪತ್ರ. ಮರ್ಯಾದೆಗೆ 60 ಸಾವಿರ ಜಾಸ್ತಿ ಆಯ್ತು.

ನಮ್ಮ ನಿಜವಾದ ತೊಂದರೆ ಏನು? ಪ್ಯಾಕೆಟ್ ಒಂದು ಸಲ ಹೋಗುತ್ತೆ, ಎರಡನೇ ಸಲ ಕೇಳಲ್ಲ. ಫೋನ್ ಮಾಡಿದೋರು ಹೇಳೋದು ನಾಲ್ಕೇ ಮಾತು: ಬಣ್ಣ ಮಂಕಾಗಿದೆ, ಅನ್ನ ಗಟ್ಟಿ ಆಯ್ತು, ಕಲ್ಲು ಸಿಕ್ತು, ಹುಳ ಬಂತು. ಕಲ್ಲಿನ ದೂರು ನಮ್ಮ ಮಿಷನ್ನಿಂದ, ಅದನ್ನ ನಾವೇ ಸರಿ ಮಾಡ್ಕೋಬೇಕು. ಉಳಿದ ಮೂರಕ್ಕೆ ಉತ್ತರ ಬರೆದು ಕೊಟ್ರೆ ಮುಗೀತು. ಪಾಲಿಶ್ ಮಾಡಿಲ್ಲ, ಅದಕ್ಕೇ ಮಂಕು ಬಣ್ಣ. ಮುಂಚೆ ನೆನೆಸಿ, ನೀರು ಜಾಸ್ತಿ ಇಟ್ಟು ಬೇಯಿಸಿದ್ರೆ ಮೆತ್ತಗಾಗುತ್ತೆ. ತವುಡು ಉಳಿದಿರೋದ್ರಿಂದ ಬೇಗ ಮುಗ್ಗಲು ಬರುತ್ತೆ, ಬೇಕಾದಷ್ಟೇ ತಗೊಳ್ಳಿ.

ಇದೇ ನಮ್ಮ ಪುಸ್ತಕ. 32 ಪುಟ ಸಾಕು. ಯಾವಾಗ ಬಿತ್ತಿದ್ವಿ, ಏನು ಹಾಕಿದ್ವಿ, ಯಾವಾಗ ಕೊಯ್ದು ಎಲ್ಲಿ ಅಕ್ಕಿ ಮಾಡಿಸಿದ್ವಿ ಅಂತ ಹತ್ತು ಪುಟ. ಉಳಿದದ್ದು ಅಡುಗೆ. ಅದನ್ನ ಬರೀಬೇಕಾದೋರು ನಮ್ಮ ಮನೆ ಹೆಣ್ಣುಮಕ್ಕಳು, ಅವರ ಹೆಸರೇ ಹಾಕಬೇಕು. ಪ್ರೆಸ್ಸಿನಲ್ಲಿ ವಿಚಾರಿಸಿದೆ, ಕಪ್ಪುಬಿಳುಪಿನಲ್ಲಿ ಸಾವಿರ ಪ್ರತಿಗೆ 15 ಸಾವಿರದ ಹತ್ರ ಹೇಳಿದ್ರು. ಒಂದಕ್ಕೆ 15 ರೂಪಾಯಿ. ಆ ದೊಡ್ಡ ಪುಸ್ತಕ ಒಂದಕ್ಕೆ 600 ಬೀಳುತ್ತೆ. 5 ಕೆಜಿ ಚೀಲದ ಜೊತೆ ಒಂದೊಂದು ಹಾಕಿದ್ರೆ ಸಾವಿರ ಮನೆಗೆ ಹೋಗುತ್ತೆ. ಕಾಳು ಖಾಲಿಯಾದ್ರೂ ಪುಸ್ತಕ ಅಡುಗೆಮನೇಲೇ ಇರುತ್ತೆ, ಹಿಂದಿನ ರಕ್ಷಾಪುಟದಲ್ಲಿ ನಮ್ಮ ನಂಬರ್ ಇರುತ್ತೆ.

ಎರಡು ಎಚ್ಚರಿಕೆ. ಸಕ್ಕರೆ ಕಾಯಿಲೆ ಹೋಗುತ್ತೆ, ಕ್ಯಾನ್ಸರ್ ವಾಸಿ ಆಗುತ್ತೆ ಅಂತ ಬರೀಬೇಡಿ. ಆಹಾರ ಮಾರೋರು ರೋಗ ವಾಸಿ ಮಾಡುತ್ತೆ ಅಂತ ಹೇಳೋಹಾಗಿಲ್ಲ, ಕಾನೂನಿದೆ. ಇನ್ನೊಂದು, ಐಎಸ್‌ಬಿಎನ್ ನಂಬರ್ ಕೊಡಿಸ್ತೀವಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ಅದನ್ನ ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಉಚಿತವಾಗಿ ಕೊಡುತ್ತೆ.

ಬರೆಯೋಕೆ ಬರಲ್ಲ ಅನ್ನಬೇಡಿ. ಎಸ್ಸೆಸ್ಸೆಲ್ಸಿ ಓದಿದ ನಾನು ಇಷ್ಟು ಬರೀತಿಲ್ವಾ? ಈ ಮುಂಗಾರಿನ ಬಿತ್ತನೆಯಿಂದ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಸುಗ್ಗಿ ಹೊತ್ತಿಗೆ ಅರ್ಧ ಪುಸ್ತಕ ಆಗಿರುತ್ತೆ. ನಮ್ಮ ಗುಂಪಿನೋರು ಸಭೆಗೆ ತಪ್ಪದೇ ಬನ್ನಿ. ಬೇರೆ ಹೋಬಳಿಯೋರು ಇಂಥ ಕಿರುಪುಸ್ತಕ ಮಾಡಿದ್ರೆ ನನಗೂ ಒಂದು ಕೊಡಿ, ಸಾವೆ ಅಕ್ಕಿ ಕೊಟ್ಟು ತಗೋತೀನಿ.