ಗಡಿ ಬದಲಾದ ಮೇಲೆ ಉಳಿದವರ ನುಡಿ

ಫೆಬ್ರವರಿ 21ನ್ನು ಅಂತಾರಾಷ್ಟ್ರೀಯ ಮಾತೃಭಾಷಾ ದಿನವೆಂದು ಯುನೆಸ್ಕೊ 1999ರಲ್ಲಿ ಘೋಷಿಸಿತು. 1952ರ ಅದೇ ದಿನ ಢಾಕಾದಲ್ಲಿ ಬಂಗಾಳಿಗಾಗಿ ತರುಣರು ಪ್ರಾಣ ತೆತ್ತ ಸಂಗತಿ ಕನ್ನಡದ ಓದುಗರಿಗೆ ಬಹುಮಟ್ಟಿಗೆ ಪರಿಚಿತವಾದದ್ದೇ. ಆದರೆ ಭಾಷೆಯ ಅಭಿಮಾನದಿಂದ ಬಲ ಪಡೆದ ಚಳವಳಿಯೊಂದು ಹೊಸ ದೇಶವನ್ನೇ ಕಟ್ಟಿದ ಮೇಲೆ, ಆ ದೇಶದೊಳಗೆ ಬೇರೆ ನುಡಿಯಾಡುತ್ತ ಉಳಿದವರ ಪಾಡೇನಾಯಿತು ಎಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಒಂದು ರಾಜಕೀಯ ವಿಭಜನೆ ನ್ಯಾಯವಾದದ್ದೇ ಎಂಬುದನ್ನು ಅದು ಗೆಲ್ಲಿಸಿದ ಭಾಷೆಯ ಏಳಿಗೆಯೊಂದರಿಂದಲೇ ಅಳೆಯಲಾಗದು. ಹೊಸ ಗಡಿಯೊಳಗೆ ಅಲ್ಪಸಂಖ್ಯಾತವಾದ ನುಡಿಗಳಿಗೆ ಸಿಕ್ಕ ಸ್ಥಾನವೇ ಅದರ ನಿಜವಾದ ಪರೀಕ್ಷೆ.

1947ರಲ್ಲಿ ಹುಟ್ಟಿದ ಪಾಕಿಸ್ತಾನದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬಂಗಾಳಿ ಮಾತನಾಡುವವರಾಗಿದ್ದರು. ಉರ್ದು ಮನೆಮಾತಾಗಿದ್ದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 1948ರ ಫೆಬ್ರವರಿಯಲ್ಲಿ ಸಂವಿಧಾನ ರಚನಾ ಸಭೆಯ ಸದಸ್ಯ ಧೀರೇಂದ್ರನಾಥ ದತ್ತ ಅವರು ಸಭೆಯ ಕಲಾಪದಲ್ಲಿ ಉರ್ದು ಮತ್ತು ಇಂಗ್ಲಿಷ್ ಜೊತೆಗೆ ಬಂಗಾಳಿಗೂ ಅವಕಾಶವಿರಲಿ ಎಂದಷ್ಟೇ ಕೇಳಿದರು. ಸಭೆ ಅದನ್ನು ತಳ್ಳಿಹಾಕಿತು. ಮರುತಿಂಗಳು ಢಾಕಾಕ್ಕೆ ಬಂದ ಜಿನ್ನಾ, ಉರ್ದು ಒಂದೇ ಪ್ರಭುತ್ವದ ಭಾಷೆ, ಅಂದರೆ ಕಚೇರಿ, ಶಾಸನಸಭೆಗಳಲ್ಲಿ ಕಾನೂನಿನ ಬಲದಿಂದ ನಡೆಯುವ ಭಾಷೆ, ಎಂದು ಸಾರಿದರು. ನಾಲ್ಕು ವರ್ಷಗಳ ಬಳಿಕ ಆ ತರುಣರನ್ನು ಬಲಿ ತೆಗೆದುಕೊಂಡ ಗೋಲಿಬಾರ್ ನಡೆಯಿತು. 1956ರ ಸಂವಿಧಾನ ಬಂಗಾಳಿಗೂ ಸಮಾನ ಸ್ಥಾನ ಕೊಟ್ಟಿತಾದರೂ ಆ ವೇಳೆಗೆ ಅಪನಂಬಿಕೆ ಬೇರೂರಿತ್ತು. ಅದಕ್ಕೆ ಆರ್ಥಿಕ ತಾರತಮ್ಯವೂ 1970ರ ಚುನಾವಣೆಯ ತೀರ್ಪನ್ನು ಮಾನ್ಯ ಮಾಡದ ಹಟವೂ ಸೇರಿ, 1971ರ ಯುದ್ಧದಲ್ಲಿ ದೇಶ ಎರಡಾಯಿತು. ದತ್ತರು ಅದೇ ವರ್ಷ ಪಾಕಿಸ್ತಾನಿ ಸೇನೆಯ ಕೈಯಲ್ಲಿ ಹತರಾದರು.

ಹೊಸ ದೇಶವಾದ ಬಾಂಗ್ಲಾದೇಶದ ಸಂವಿಧಾನ 1972ರಲ್ಲಿ ಸಿದ್ಧವಾದಾಗ ಬಂಗಾಳಿ ಒಂದೇ ಪ್ರಭುತ್ವದ ಭಾಷೆಯಾಯಿತಲ್ಲದೆ, ಪ್ರಜೆಗಳೆಲ್ಲರನ್ನೂ ಬಂಗಾಳಿಗಳೆಂದೇ ಕರೆಯತಕ್ಕದ್ದು ಎಂಬ ಮಾತೂ ಅದರಲ್ಲಿ ಸೇರಿತು. ಚಿತ್ತಗಾಂಗ್ ಬೆಟ್ಟಪ್ರದೇಶದಿಂದ ಆರಿಸಿ ಬಂದಿದ್ದ ಮಾನವೇಂದ್ರ ನಾರಾಯಣ ಲಾರ್ಮಾ, ತಾವು ಬಾಂಗ್ಲಾದೇಶದ ಪ್ರಜೆ, ಆದರೆ ಚಕ್ಮಾ ಜನಾಂಗದವರೇ ಹೊರತು ಬಂಗಾಳಿಯಲ್ಲ ಎಂದು ವಾದಿಸಿ, ಸಭೆ ಒಪ್ಪದಿದ್ದಾಗ ಹೊರನಡೆದರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ದತ್ತರು ಎದುರಿಸಿದ್ದ ಕಿವುಡುತನವೇ, ದತ್ತರ ನುಡಿಯವರ ಬಹುಮತವಿದ್ದ ಸಭೆಯಲ್ಲಿ ಲಾರ್ಮಾ ಅವರಿಗೂ ಎದುರಾಯಿತೆಂಬುದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ. ನೆಲ, ಸ್ವಾಯತ್ತತೆ ಹಾಗೂ ಗುರುತಿನ ಪ್ರಶ್ನೆಗಳು ಬೆರೆತು ಬೆಟ್ಟಪ್ರದೇಶ ಸುಮಾರು ಎರಡು ದಶಕ ಸಶಸ್ತ್ರ ಸಂಘರ್ಷದಲ್ಲಿ ಬೆಂದಿತು.

1947ರ ಹೊತ್ತಿನಲ್ಲಿ ಬಿಹಾರ ಮುಂತಾದೆಡೆಗಳಿಂದ ವಲಸೆ ಬಂದಿದ್ದ ಉರ್ದು ಭಾಷಿಕರ ಪಾಡು ಇನ್ನೊಂದು ಬಗೆಯದು. 1971ರಲ್ಲಿ ಅವರಲ್ಲಿ ಹಲವರು ಪಾಕಿಸ್ತಾನದ ಪಕ್ಷ ವಹಿಸಿದ್ದರಿಂದ ಇಡೀ ಸಮುದಾಯವೇ ಶಂಕೆಗೆ ಗುರಿಯಾಗಿ, ಢಾಕಾದ ಜಿನೀವಾ ಕ್ಯಾಂಪಿನಂಥ ಇಕ್ಕಟ್ಟಾದ ಶಿಬಿರಗಳಲ್ಲಿ ದಶಕಗಟ್ಟಲೆ ಯಾವ ದೇಶಕ್ಕೂ ಸೇರದೆ ಬದುಕಿತು. ಯುದ್ಧಕಾಲದಲ್ಲಿ ಮಕ್ಕಳಾಗಿದ್ದವರೂ ಆಮೇಲೆ ಹುಟ್ಟಿದವರೂ ಬಾಂಗ್ಲಾದೇಶದ ಪ್ರಜೆಗಳೇ ಎಂದು ಅಲ್ಲಿನ ಹೈಕೋರ್ಟ್ ಸ್ಪಷ್ಟಪಡಿಸಲು 2008ನೇ ಇಸವಿ ಬರಬೇಕಾಯಿತು. ನಿನ್ನೆ ಆಳುವವರ ಭಾಷೆಯಾಗಿದ್ದದ್ದು ಗಡಿ ಬದಲಾದೊಡನೆ ದಿಕ್ಕಿಲ್ಲದವರ ಭಾಷೆಯಾದಾಗ, ಹಳೆಯ ಆಳ್ವಿಕೆಯ ಲೆಕ್ಕವನ್ನು ಆಮೇಲೆ ಹುಟ್ಟಿದ ಮಕ್ಕಳಿಂದ ಚುಕ್ತಾ ಮಾಡಿಸಿಕೊಳ್ಳುವುದು ಯಾವ ನ್ಯಾಯಕ್ಕೂ ಸಲ್ಲದು.

ತಿದ್ದುಪಡಿಯ ಯತ್ನಗಳು ನಡೆದಿಲ್ಲವೆಂದಲ್ಲ. 1997ರ ಬೆಟ್ಟಪ್ರದೇಶದ ಒಪ್ಪಂದ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಾತನ್ನಾಡಿತು. 2011ರ ಸಂವಿಧಾನ ತಿದ್ದುಪಡಿ ಬುಡಕಟ್ಟುಗಳ ಸಂಸ್ಕೃತಿ, ಪರಂಪರೆಗಳ ರಕ್ಷಣೆಯನ್ನು ಪ್ರಭುತ್ವದ ಹೊಣೆಯಾಗಿಸಿತು, ಆದರೆ ಆ ವಿಧಿಯಲ್ಲಿ ಭಾಷೆಯ ಹೆಸರಿಲ್ಲ. ಚಕ್ಮಾ, ಮರ್ಮಾ, ತ್ರಿಪುರಾ, ಗಾರೊ, ಸಾದ್ರಿ ಎಂಬ ಐದು ನುಡಿಗಳಲ್ಲಿ ಶಿಶುತರಗತಿಯ ಪುಸ್ತಕಗಳು 2017ರಲ್ಲಿ ಮಕ್ಕಳ ಕೈಸೇರಿದವು. ಚಕ್ಮಾ ಪುಸ್ತಕ ಅಚ್ಚಾದದ್ದು ಆ ಜನರ ಸ್ವಂತ ಲಿಪಿಯಲ್ಲಿ. ಆದರೆ ತಾವೇ ಬಂಗಾಳಿಯಲ್ಲಿ ಓದಿ ಬೆಳೆದ ಎಷ್ಟೋ ಚಕ್ಮಾ ಶಿಕ್ಷಕರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ, ಹೀಗಾಗಿ ಪುಸ್ತಕ ತಲುಪಿದರೂ ಪಾಠ ನಡೆಯುವುದು ಕಷ್ಟವಾಯಿತು. ದೊಡ್ಡ ಆದಿವಾಸಿ ನುಡಿಗಳಲ್ಲೊಂದಾದ ಸಂತಾಲಿಯಂತೂ, ಬಂಗಾಳಿ ಲಿಪಿಯೋ ರೋಮನ್ ಲಿಪಿಯೋ ಎಂಬ ವಾದ ಬಗೆಹರಿಯದೆ ಆ ಪಟ್ಟಿಯಿಂದಲೇ ಹೊರಗುಳಿಯಿತು. ಕಾನೂನು ಬಾಗಿಲು ತೆರೆದರೂ ಶಿಕ್ಷಕ, ಲಿಪಿ, ಮೇಲಿನ ತರಗತಿ ಮತ್ತು ಉದ್ಯೋಗದ ಆಸರೆಯಿಲ್ಲದ ನುಡಿ ಒಳಗೆ ಬರಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನೊಂದ ನುಡಿಯೇ ಗೆದ್ದ ಮೇಲೆ ಹೀಗೇಕೆ ವರ್ತಿಸುತ್ತದೆ? ವಿಭಜನೆಯ ಚಳವಳಿಗೆ ಎಲ್ಲರನ್ನೂ ಒಗ್ಗೂಡಿಸುವ ಒಂದು ಗುರುತು ಬೇಕಾಗುತ್ತದೆ. ಗೆಲುವಿನ ನಂತರ ಆ ಗುರುತೇ ದೇಶದ ಅಡಿಪಾಯವೆನಿಸಿ, ಇನ್ನೊಂದು ನುಡಿ ಸ್ಥಾನ ಕೇಳಿದರೆ ಅದು ಇನ್ನೊಂದು ಒಡಕಿನ ಮುನ್ಸೂಚನೆಯಂತೆ ಕೇಳಿಸುತ್ತದೆ. ಆದರೆ ಬಾಂಗ್ಲಾದೇಶದ ಹುಟ್ಟೇ ಈ ಭಯಕ್ಕೆ ಉತ್ತರ ಹೇಳುತ್ತದೆ: ದತ್ತರು ಕೇಳಿದ್ದು ಪಕ್ಕದಲ್ಲೊಂದು ಪೀಠವನ್ನೇ ಹೊರತು ಪ್ರತ್ಯೇಕ ಮನೆಯನ್ನಲ್ಲ, ಬಿರುಕು ಮೊದಲಾದದ್ದು ಅದನ್ನು ನಿರಾಕರಿಸಿದ ಗಳಿಗೆಯಲ್ಲಿ.

ಈ ಪ್ರಶ್ನೆ ನಮಗೂ ಹೊರತಲ್ಲ: ಭಾರತದಲ್ಲಿ 1956ರ ರಾಜ್ಯ ಪುನರ್ವಿಂಗಡಣೆ ದೇಶವಿಭಜನೆಯಲ್ಲದಿದ್ದರೂ ಗಡಿಯಾಚೆ ಉಳಿಯುವುದೆಂದರೇನೆಂದು ಕಾಸರಗೋಡಿನ ಕನ್ನಡಿಗರಿಗೆ ಕಲಿಸಿದೆ. ಅದೇ ವರ್ಷ ಭಾರತದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಕಾಸರಗೋಡಿನ ಕನ್ನಡ ಶಾಲೆಗಾಗಿ ಆ ವಿಧಿಯನ್ನು ನೆನಪಿಸುವ ಹಕ್ಕು ಕನ್ನಡಿಗರಿಗಿದೆ. ಅದೇ ವಿಧಿಯನ್ನು ತುಳು, ಕೊಡವ, ಬ್ಯಾರಿ, ಲಂಬಾಣಿ, ಉರ್ದು ಆಡುವವರು ಕರ್ನಾಟಕದ ಮುಂದೆ ಹಿಡಿದಾಗ ಕೇಳಿಸಿಕೊಳ್ಳುವ ಹೊಣೆಯೂ ಕನ್ನಡಿಗರದೇ. ಈ ಹೊಣೆಯನ್ನು ನಿಭಾಯಿಸಿದಷ್ಟೂ ಆ ಹಕ್ಕಿನ ಮಾತಿಗೆ ತೂಕ ಹೆಚ್ಚುತ್ತದೆ.